ಪೆಡಲ್ ಗಟ್ಟಿ ಅಂದ ಕೂಡಲೇ ಬೂಸ್ಟರ್ ಬಿಚ್ಚಬೇಡಿ

ಸರ್, ಚಾರ್ಮಾಡಿ ಇಳಿಯುವಾಗ ನಿಮ್ಮ ಡೀಸೆಲ್ ಜೀಪಿನ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಮೆಕ್ಯಾನಿಕ್ ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಡಬ್ಬಿ) ಬದಲಿಸಿ ಅಂದ್ರು ಅಂತ ಬರೆದಿದ್ದೀರಿ. ಸ್ವಲ್ಪ ತಡೀರಿ. ನನ್ನ ಅನುಮಾನ ವ್ಯಾಕ್ಯೂಮ್ ಪಂಪಿನ ಮೇಲೆ. ಬೂಸ್ಟರಿನಿಂದ ಗಾಳಿ ಎಳೆದು ಅದು ಕೆಲಸ ಮಾಡೋ ಹಾಗೆ ಮಾಡೋದು ಈ ಪಂಪೇ.

ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯಲಿಲ್ವಾ? ಹಾಗಾದರೆ ಐಡ್ಲಿಂಗಿನಲ್ಲಿ ವ್ಯಾಕ್ಯೂಮ್ ಗೇಜ್ ಹಾಕಿಸಿ. ಮೊದಲು ಪಂಪಿನಿಂದ ಬೂಸ್ಟರಿಗೆ ಹೋಗುವ ಹೋಸಿನ ಬೂಸ್ಟರ್ ತುದಿಯಲ್ಲಿ, ಆಮೇಲೆ ಪಂಪಿನ ಬಾಯಲ್ಲೇ. ಪಂಪಿನ ಹತ್ತಿರ ಚೆನ್ನಾಗಿದ್ದು ಬೂಸ್ಟರ್ ಹತ್ತಿರ ಕಮ್ಮಿ ಇದ್ದರೆ ಹೋಸ್ ಅಥವಾ ಒನ್‌ವೇ ವಾಲ್ವ್ ಹೋಗಿದೆ, ಜಾಸ್ತಿ ಖರ್ಚಿಲ್ಲ. ಎರಡೂ ಕಡೆ ಕಮ್ಮಿ ಅಂದ್ರೆ ಪಂಪೇ. ಎರಡೂ ಕಡೆ ಸರಿಯಿದ್ದು, ಪೆಡಲ್ ಒತ್ತಿ ಹಿಡಿದಾಗ ಬುಸ್ ಅನ್ನೋ ಸದ್ದು ನಿಲ್ಲದಿದ್ದರೆ ಮಾತ್ರ ಬೂಸ್ಟರ್ ಮಾತು.

ಒಂದು ವಿಷಯ: ಚಿಕ್ಕಮಗಳೂರು ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಮಂಗಳೂರಲ್ಲಿ ಗೇಜಿನಲ್ಲಿ 25 ಇಂಚು (ಪಾದರಸದ ಲೆಕ್ಕ) ತೋರಿಸುವ ಪಂಪ್ ಇಲ್ಲಿ 22ರ ಆಸುಪಾಸು ತೋರಿಸುತ್ತೆ. ಅಷ್ಟಕ್ಕೇ ಸುಮ್ನೆ ಗಾಬರಿಯಾಗಬೇಡಿ.

ಪಂಪ್ ಆಲ್ಟರ್ನೇಟರ್ ಹಿಂದೆ ಕೂತಿದ್ದರೆ ಫ್ಯಾನ್ ಬೆಲ್ಟ್ ಸಡಿಲವಾಗಿದೆಯಾ ನೋಡಿ. ಪಂಪಿಗೆ ಇಂಜಿನ್ ಆಯಿಲ್ ಬರುವ ಸಣ್ಣ ಪೈಪನ್ನೂ ಕಳಚಿ ನೋಡಿಸಿ. ಅದು ಕಟ್ಟಿಕೊಂಡಿದ್ದರೆ ಹೊಸ ಪಂಪೂ ಬಾಳಲ್ಲ. ಹೋಸಿನೊಳಗೆ ಕಪ್ಪು ಆಯಿಲ್ ಕಂಡರೆ ಫೋಟೋ ಹಾಕಿ, ಅದು ಬೂಸ್ಟರಿನ ರಬ್ಬರನ್ನೂ ತಿನ್ನುತ್ತೆ. ರಿಪೇರಿ ಆಗೋವರೆಗೂ ಘಾಟಿ ಕಡೆ ಹೋಗಲೇಬೇಡಿ.