ಓದುಗರ ಪ್ರಶ್ನೆ: ಘೋಷಣೆ ಬರೆದ ಕ್ಯಾನ್ವಾಸ್ ಚಿತ್ರವಾಗುವುದೆ?

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಬಿದರಿ ಕೆಲಸ ಮಾಡಿಕೊಂಡು ಬಂದಿರುವ ಮನೆತನ, ನಾನು ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದ ರಿಚರ್ಡ್ ಬೆಲ್ ಅವರ ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದಾಗ, ಘೋಷಣೆ ಬರೆದರೆ ಅದು ಭಿತ್ತಿಪತ್ರವೇ ಹೊರತು ಚಿತ್ರವಲ್ಲವೆಂದು ಸಹಪಾಠಿಗಳು ವಾದಿಸಿದರು. ತಮ್ಮ ಅಭಿಪ್ರಾಯವೇನು?
— ಒಬ್ಬ ವಿದ್ಯಾರ್ಥಿ, ಬೀದರ್

ಉತ್ತರ: ಬೆಲ್ ಚಿತ್ರಕಾರರಾದ ಮೇಲೆ ರಾಜಕೀಯಕ್ಕೆ ಬಂದವರಲ್ಲ. 1953ರಲ್ಲಿ ಕ್ವೀನ್ಸ್‌ಲ್ಯಾಂಡಿನ ಚಾರ್ಲ್‌ವಿಲ್‌ನಲ್ಲಿ ಹುಟ್ಟಿ, ತಗಡಿನ ಗುಡಿಸಲಿನಲ್ಲಿ ಬೆಳೆದು, ಆ ಸೂರನ್ನೂ ಬುಲ್ಡೋಜರ್ ಕೆಡವಿದ್ದನ್ನು ಕಂಡು, ಸಿಡ್ನಿಯ ರೆಡ್‌ಫರ್ನ್ ಬಡಾವಣೆಯ ಹೋರಾಟಗಾರರ ನಡುವೆ ಪಳಗಿದ ನಂತರವೇ ಅವರು ಕುಂಚ ಹಿಡಿದರು. ಅದೂ ಪ್ರವಾಸಿಗರಿಗೆ ಮಾರುವ ಸರಕು ತಯಾರಿಸುವುದರಿಂದ ಆರಂಭಿಸಿ. ತಮ್ಮನ್ನು ಅವರು ಕಲಾವಿದನ ವೇಷದಲ್ಲಿರುವ ಹೋರಾಟಗಾರ ಎಂದೇ ಕರೆದುಕೊಳ್ಳುತ್ತಾರೆ. ಹಗಲುವೇಷದವರನ್ನು ಕಂಡ ನಮ್ಮ ಭಾಗದವರಿಗೆ ಈ ಮಾತಿನ ಕುಚೇಷ್ಟೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

2002ರಲ್ಲಿ ಅವರು 'ಬೆಲ್ಸ್ ಥಿಯರಮ್' ಎಂಬ ಪ್ರಬಂಧ ಬರೆದು, ಮೂಲನಿವಾಸಿಗಳ ಕಲೆಯನ್ನು ಅಳೆದು, ಬೆಲೆಕಟ್ಟಿ, ಮಾರುವವರಲ್ಲಿ ಹೆಚ್ಚಿನವರು ಬಿಳಿಯರೇ ಎಂದು ವಾದಿಸಿದರು. ಮರುವರ್ಷ ಆ ವಾದವೇ ಕ್ಯಾನ್ವಾಸಿಗೆ ಬಂತು: ಮೂಲನಿವಾಸಿ ಕಲೆಯೆಂಬುದು ಬಿಳಿಯರ ವಸ್ತು ಎಂಬರ್ಥದ ದಪ್ಪಕ್ಷರಗಳು, ಅವುಗಳ ಜೊತೆಗೆ ಅಮೆರಿಕದ ಬಿಳಿಯ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರನ್ನು ನೆನಪಿಸುವಂತೆ ಚೆಲ್ಲಿ ಹರಿದ ಬಣ್ಣ. ಮೂಲನಿವಾಸಿಗಳ ವಿನ್ಯಾಸಗಳನ್ನು ಬಿಳಿಯ ಕಲಾವಿದರು ಎತ್ತಿಕೊಂಡಂತೆ, ಇವರು ಬಿಳಿಯರ ಶೈಲಿಯನ್ನು ಎತ್ತಿಕೊಂಡಿದ್ದಾರೆ. ಬಣ್ಣ ತೆಗೆದು ಅಕ್ಷರವನ್ನಷ್ಟೇ ಉಳಿಸಿದರೆ ಈ ವ್ಯಂಗ್ಯ ಸತ್ತುಹೋಗುತ್ತದೆ. ಆದ್ದರಿಂದ ಅದು ಭಿತ್ತಿಪತ್ರವಲ್ಲ, ಚಿತ್ರ. ಅವರ ಎಲ್ಲ ಕ್ಯಾನ್ವಾಸುಗಳಿಗೂ ಈ ಕಸುವಿದೆಯೆಂದು ನಾನು ಹೇಳಲಾರೆ; ಕೆಲವು ಒಮ್ಮೆ ಓದಿದೊಡನೆ ಮುಗಿದುಹೋಗುತ್ತವೆ. 2003ರ ರಾಷ್ಟ್ರೀಯ ಮೂಲನಿವಾಸಿ ಕಲಾ ಪ್ರಶಸ್ತಿ ಈ ಚಿತ್ರಕ್ಕೇ ಸಂದಿತು: ಬೈಸಿಕೊಂಡ ಮಾರುಕಟ್ಟೆಯೇ ಹಾರ ಹಾಕಿತು.

ನಿಮ್ಮ ಹಿರಿಯರು ಸತುವಿನ ಎರಕದಲ್ಲಿ ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕಪ್ಪೇರಿಸಿ ಕೊಟ್ಟ ಹೂಜಿಗೆ ದೂರದ ನಗರದ ಗಾಜಿನ ಕಪಾಟಿನಲ್ಲಿ ಯಾವ ಬೆಲೆಚೀಟಿ ಅಂಟಿದೆಯೆಂದು ಒಮ್ಮೆ ನೋಡಿ ಬನ್ನಿ. ಸಹಪಾಠಿಗಳೊಡನೆ ವಾದ ಮುಂದುವರಿಸಲು ಅದು ನೆರವಾದೀತು.

ಪ್ರಶ್ನೆ: ಬೆಲ್ ಅವರು ಡೇರೆ ಹಾಕಿ ಅದನ್ನೂ ಕಲಾಕೃತಿ ಎನ್ನುತ್ತಾರಂತೆ. ಇದೇನು?
— ಓದುಗರೊಬ್ಬರು, ಯಾದಗಿರಿ

ಉತ್ತರ: 1972ರ ಜನವರಿ 26ರಂದು ನಾಲ್ವರು ಮೂಲನಿವಾಸಿ ತರುಣರು ಕ್ಯಾನ್‌ಬೆರಾದ ಸಂಸತ್ ಭವನದೆದುರಿನ ಹುಲ್ಲುಹಾಸಿನಲ್ಲಿ ದೊಡ್ಡ ಛತ್ರಿಯೊಂದನ್ನು ನೆಟ್ಟು, ಅದನ್ನು ತಮ್ಮ ರಾಯಭಾರ ಕಚೇರಿ ಎಂದು ಸಾರಿದರು; ಸ್ವಂತ ನೆಲದಲ್ಲೇ ಪರದೇಶಿಗಳಾದವರಿಗೆ ರಾಯಭಾರ ಕಚೇರಿಯಲ್ಲದೆ ಮತ್ತೇನು ಬೇಕು? ನಮಗೆ ಗಣರಾಜ್ಯೋತ್ಸವವಾದ ಆ ದಿನ ಅಲ್ಲಿಯೂ ರಾಷ್ಟ್ರೀಯ ದಿನ. ಮೂಲನಿವಾಸಿಗಳಲ್ಲಿ ಅನೇಕರ ಪಾಲಿಗೆ ಮಾತ್ರ ಅದು ಬ್ರಿಟಿಷರು ಬಂದು ನೆಲೆಯೂರಿದ ಆಕ್ರಮಣದ ದಿನ. ಛತ್ರಿಯ ಜಾಗದಲ್ಲಿ ಎದ್ದ ಡೇರೆಗಳ ನೆನಪಿಗೆ ಬೆಲ್ 2013ರಿಂದ ಊರೂರಿನಲ್ಲಿ ಡೇರೆ ಹಾಕುತ್ತಿದ್ದಾರೆ. 2022ರಲ್ಲಿ ಜರ್ಮನಿಯ ಕಾಸೆಲ್‌ನಲ್ಲೂ, 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯೊಳಗೂ ಅದನ್ನು ಹಾಕಿದ್ದರು. ಸುತ್ತ ಬಣ್ಣದಲ್ಲಿ ಬರೆದ ಫಲಕಗಳಿರುತ್ತವೆ. ಒಳಗೆ ಜನ ಕೂತು ಭೂಮಿಯ ಮಾತಾಡುತ್ತಾರೆ.