ಸಿಮಿಲಾನ್‌ಗೆ ಕೇವ್ ಕೋರ್ಸೂ ಬೇಡ, ದೊಡ್ಡ ಟಾರ್ಚೂ ಬೇಡ. ಮೊದಲು ಸೊಂಟಕ್ಕೆ ಕಟ್ಟುವ ಸೀಸದ ತೂಕ ಸರಿಮಾಡಿಕೊಳ್ಳಿ

ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ಓಪನ್ ವಾಟರ್ ಮುಗಿಸಿದ್ದೀರಿ, ಫೆಬ್ರವರಿಯಲ್ಲಿ ಥಾಯ್ಲೆಂಡಿನ ಸಿಮಿಲಾನ್ ದ್ವೀಪಗಳಿಗೆ ಹೊರಟಿದ್ದೀರಿ. ನೀರೊಳಗಿನ ಗುಹೆ ನೋಡೋಕೆ ಕೇವ್ ಡೈವಿಂಗ್ ಕೋರ್ಸ್ ಮಾಡಲೇಬೇಕಾ, ಇಲ್ಲಾ ಒಳ್ಳೆ ಟಾರ್ಚು, ಒಳ್ಳೆ ಗೈಡು ಇದ್ದರೆ ಸಾಕಾ ಅಂತ ಕೇಳಿದ್ದೀರಿ. ನಾನೂ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲೇ ಕಲಿತವನು. ಸಿಮಿಲಾನ್‌ಗೆ ಹೊರಟಾಗ ನನ್ನ ತಲೆಯಲ್ಲೂ ಇವೇ ಎರಡು ಓಡುತ್ತಿದ್ದವು. ಕೊನೆಗೆ ಟಾರ್ಚಿಗೆ ದುಡ್ಡು ಸುರಿದೆ. ಆ ಟಾರ್ಚಿನಿಂದ ನನಗೆ ಏನೂ ಉಪಯೋಗ ಆಗಲಿಲ್ಲ.

ಎಲಿಫೆಂಟ್ ಹೆಡ್ ರಾಕ್ ಅಂತ ಒಂದು ಜಾಗ ಇದೆ. ಸಿಮಿಲಾನ್‌ನ 8ನೇ ನಂಬರಿನ ದ್ವೀಪದ ಹತ್ತಿರ ಮೂರು ಬಂಡೆಗಳ ತುದಿ ನೀರಿನ ಮೇಲೆ ಕಾಣುತ್ತವೆ. ಮೇಲೆ ಕಾಣುವುದು ಅಷ್ಟೇ. ಕೆಳಗೆ ಹೋದರೆ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಒರಗಿ ನಿಂತಿವೆ. ಹಂಪಿಯ ಬಂಡೆಗುಡ್ಡಗಳನ್ನು ಹಾಗೇ ಎತ್ತಿ ಸಮುದ್ರದಲ್ಲಿ ಮುಳುಗಿಸಿದರೆ ಹೇಗಿರುತ್ತೋ ಹಾಗೆ. ಎರಡು ಬಂಡೆಗಳ ನಡುವೆ ಸಂದು, ಅದರ ಮೇಲೆ ಮೂರನೇ ಬಂಡೆಯ ಚಾವಣಿ. ಒಳಗೆ ನುಗ್ಗಿದರೆ ಆ ತುದಿಯಲ್ಲಿ ನೀಲಿ ಬೆಳಕು ಕಾಣುತ್ತಿರುತ್ತದೆ. ಇಂಥದ್ದನ್ನು ಸ್ವಿಮ್ ಥ್ರೂ ಅನ್ನುತ್ತಾರೆ. ನೀವು ಯೂಟ್ಯೂಬಿನಲ್ಲಿ ನೋಡಿದ ‘ಗುಹೆ’ಗಳು ಬಹುಶಃ ಇವೇ.

ನಮ್ಮ ಗೈಡ್ ಥಾಯ್ ಹುಡುಗ. ಶಾಂತ ಸ್ವಭಾವ, ಕೆಲಸ ಚೆನ್ನಾಗಿ ಗೊತ್ತಿದ್ದವನು. ಸುಮಾರು 20 ಮೀಟರ್ ಆಳದಲ್ಲಿ ಒಂದು ಸಂದಿನ ಬಾಯಿಯಲ್ಲಿ ನಿಂತು, ಒಬ್ಬೊಬ್ಬರಾಗಿ ಬನ್ನಿ ಅಂತ ಸನ್ನೆ ಮಾಡಿದ. ಸಂದು ಒಳಗೆ ಮೇಲ್ಮುಖವಾಗಿ ಹೋಗುತ್ತದೆ, ಆ ಕಡೆ 14 ಮೀಟರಿನ ಹತ್ತಿರ ಬಾಯಿ ಬಿಡುತ್ತದೆ. ಮುಂದೆ ಗೆಳತಿ ಹೋದಳು, ಹಿಂದೆ ನಾನು. ಅರ್ಧ ದಾರಿಯಲ್ಲಿ ಬೆನ್ನ ಮೇಲಿನ ಸಿಲಿಂಡರ್ ಚಾವಣಿಗೆ ತಗುಲಿತು. ಆ ಸದ್ದು ತಲೆಬುರುಡೆಯೊಳಗೇ ಆದ ಹಾಗಿತ್ತು. ಕೆಳಗಿಳಿಯೋಣ ಅಂತ ನೋಡಿದರೆ ಆಗುತ್ತಿಲ್ಲ. ಬೆನ್ನು ಚಾವಣಿಗೆ ಅಂಟಿಕೊಂಡಿದೆ, ಏನೋ ನನ್ನನ್ನು ಮೇಲಕ್ಕೆ ಒತ್ತಿ ಹಿಡಿದಿದೆ. ಟಾರ್ಚು ಕೈಯಲ್ಲಿ ಉರಿಯುತ್ತಲೇ ಇತ್ತು. ಬಂಡೆ ಎಷ್ಟು ಹತ್ತಿರ ಇದೆ ಅಂತ ತೋರಿಸಿತು, ಅಷ್ಟೇ.

ನನ್ನನ್ನು ಒತ್ತಿ ಹಿಡಿದಿದ್ದು ನನ್ನ ಬಿಸಿಡಿಯಲ್ಲಿದ್ದ, ಅಂದರೆ ತೇಲೋದನ್ನು ಹೊಂದಿಸೋಕೆ ಗಾಳಿ ತುಂಬುವ ಜಾಕೆಟ್‌ನಲ್ಲಿದ್ದ ಗಾಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಹಾರಿಸಬೇಡಿ.

ನಾನು ಸೊಂಟಕ್ಕೆ 7 ಕೆಜಿ ಸೀಸ ಕಟ್ಟಿದ್ದೆ. ನನಗೆ ಬೇಕಾಗಿದ್ದದ್ದು 4. ಕಲಿಯುವಾಗ ವಿದ್ಯಾರ್ಥಿ ಮೇಲೆ ತೇಲದೆ ಇರಲಿ ಅಂತ ಒಂದೆರಡು ಕೆಜಿ ಜಾಸ್ತಿ ಕಟ್ಟುವುದು ಎಷ್ಟೋ ಕಡೆ ರೂಢಿ. ಅದು ಅವರ ತಪ್ಪು ಅಂತ ನಾನು ಹೇಳಲ್ಲ, ಹೊಸಬರನ್ನು ಕೆಳಗೆ ಹಿಡಿದಿಡುವುದೂ ಸುರಕ್ಷತೆಯೇ. ಆದರೆ ಆ ಲೆಕ್ಕ ನನ್ನ ತಲೆಯಲ್ಲಿ ಹಾಗೇ ಕೂತುಬಿಟ್ಟಿತು. ಆಮೇಲೆ ಒಂದು ದೋಣಿಯಲ್ಲಿ ಯಾರೋ ಇನ್ನೊಂದು ಕೆಜಿ ಸೇರಿಸಿಕೋ, ಬೇಗ ಇಳೀತೀಯ ಅಂದರು. ಸೇರಿಸಿಕೊಂಡೆ, ನಿಜವಾಗಿಯೂ ಬೇಗ ಇಳಿದೆ. ಮೊದಲು ಇಳಿಯೋಕೆ ಕಷ್ಟ ಆಗುತ್ತಿದ್ದದ್ದು ತೂಕ ಕಡಿಮೆ ಇದ್ದದ್ದರಿಂದ ಅಲ್ಲ. ಉಸಿರನ್ನು ಪೂರ್ತಿ ಹೊರಗೆ ಬಿಡುತ್ತಿರಲಿಲ್ಲ, ಜೊತೆಗೆ ಕಾಲು ಬಡಿಯುತ್ತಿದ್ದೆ. ಅದನ್ನು ತಿದ್ದಿಕೊಳ್ಳುವ ಬದಲು ಸೀಸ ಸೇರಿಸಿದೆ. ಸಿಮಿಲಾನ್‌ನಲ್ಲಿ ಎಷ್ಟು ತೂಕ ಅಂತ ಕೇಳಿದಾಗ ಯೋಚನೆ ಮಾಡದೆ ಏಳು ಅಂದೆ. ಅವರು ಕೊಟ್ಟರು.

ಈಗ ಲೆಕ್ಕ ನೋಡಿ. ಒಂದು ಕೆಜಿ ಹೆಚ್ಚಿನ ಸೀಸವನ್ನು ತೇಲಿಸೋಕೆ ಬಿಸಿಡಿಯಲ್ಲಿ ಸರಿಸುಮಾರು ಒಂದು ಲೀಟರ್ ಗಾಳಿ ಬೇಕು. ತೂಕ ಸರಿ ಇದ್ದಿದ್ದರೆ 20 ಮೀಟರಿನಲ್ಲಿ ನನ್ನ ಬಿಸಿಡಿಯಲ್ಲಿ ಒಂದು ಲೀಟರಿನಷ್ಟು ಗಾಳಿ ಇರುತ್ತಿತ್ತು. ಮೂರು ಕೆಜಿ ಜಾಸ್ತಿ ಇದ್ದದ್ದರಿಂದ ನಾಲ್ಕು ಲೀಟರ್ ಇತ್ತು. 20 ಮೀಟರಿನಲ್ಲಿ ಒತ್ತಡ 3 ಬಾರ್, 14 ಮೀಟರಿನಲ್ಲಿ 2.4 ಬಾರ್. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ. ನಾಲ್ಕು ಲೀಟರ್ ಇದ್ದದ್ದು ಐದಾಗುತ್ತದೆ. ಅಂದರೆ ಆ ಸಂದಿನಲ್ಲಿ ಸುಮ್ನೆ ಮುಂದೆ ಸಾಗುತ್ತಾ ಹೋದರೂ ಒಂದು ಕೆಜಿಯಷ್ಟು ಬಲ ನನ್ನನ್ನು ಮೇಲಕ್ಕೆ ಎಳೆಯುತ್ತದೆ. ಸರಿಯಾದ ತೂಕದವರಿಗೆ ಇದೇ ಬಲ ಕಾಲು ಕೆಜಿ. ಅದನ್ನು ಒಂದು ದೀರ್ಘ ಉಸಿರು ಬಿಟ್ಟು ಸರಿಮಾಡಬಹುದು. ನನ್ನದನ್ನು ಹಾಗೆ ಸರಿಮಾಡೋದು ಕಷ್ಟ. ಅದೂ ಅಲ್ಲದೆ ಗಾಬರಿ ಬಿದ್ದವನ ಎದೆ ತುಂಬ ಗಾಳಿ ಇರುತ್ತದೆ, ಅದು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ.

ಬಯಲು ನೀರಿನಲ್ಲಾಗಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ಎಡಗೈಯಲ್ಲಿ ಬಿಸಿಡಿಯ ಹೋಸ್ ಎತ್ತಿ ಹಿಡಿದು ಗುಂಡಿ ಒತ್ತಿದರೆ ಗಾಳಿ ಹೋಗುತ್ತದೆ. ಆದರೆ ಹೋಸಿನ ತುದಿ ಬಿಸಿಡಿಗಿಂತ ಮೇಲಿದ್ದರೆ ಮಾತ್ರ. ನನ್ನ ಮೇಲೆ ಬಂಡೆ. ಕೈ ಎತ್ತೋಕೆ ಜಾಗ ಇಲ್ಲ, ನೆಟ್ಟಗೆ ನಿಲ್ಲೋಕೂ ಜಾಗ ಇಲ್ಲ. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ, ಒಂದು ಗುಳ್ಳೆಯೂ ಹೊರಗೆ ಬರಲಿಲ್ಲ. ಬಿಸಿಡಿಯ ಹಿಂದೆ, ಬಲ ಸೊಂಟದ ಹತ್ತಿರ ಇನ್ನೊಂದು ವಾಲ್ವ್ ಇರುತ್ತದೆ, ಅದಕ್ಕೊಂದು ದಾರ. ಮಲಗಿದ ಹಾಗೆ ಇರುವಾಗ ಹಿಂಭಾಗ ಸ್ವಲ್ಪ ಎತ್ತಿ ಆ ದಾರ ಎಳೆಯಬೇಕು. ಕೋರ್ಸಿನಲ್ಲಿ ತೋರಿಸಿದ್ದರು. ಆದರೆ ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ, ಹಾಗಾಗಿ ಕೈ ಆ ಕಡೆ ಹೋಗಲೇ ಇಲ್ಲ.

ಕಾಲು ಬಡಿದೆ. ಪಕ್ಕದ ಗೋಡೆಯಲ್ಲಿ ಒಂದು ಸೀ ಫ್ಯಾನ್ ಇತ್ತು. ಬೀಸಣಿಗೆಯ ಆಕಾರದ ಹವಳ, ನನ್ನ ತೋಳಿನಷ್ಟು ಅಗಲ. ಕಾಲಿಗೆ ಹಾಕಿದ್ದ ಫಿನ್ನು ಅದಕ್ಕೆ ಬಡಿದು ಅದರ ಒಂದು ಮೂಲೆ ಮುರಿದು ಕೆಳಗೆ ಹೋಯಿತು. ಮುರಿದ ಜಾಗದಲ್ಲಿ ಒಳಗಿನ ಕಪ್ಪು ಕಡ್ಡಿ ಕಾಣುತ್ತಿತ್ತು. ಅದು ಅಷ್ಟು ದೊಡ್ಡದಾಗಲು ಎಷ್ಟೋ ವರ್ಷ ಬೇಕು. ಇವತ್ತಿಗೂ ಆ ಡೈವಿನ ಬಗ್ಗೆ ಯೋಚಿಸಿದರೆ ನನಗೆ ಅಪಾಯಕ್ಕಿಂತ ಮೊದಲು ನೆನಪಾಗುವುದು ಅದೇ.

ಹಿಂದಿನಿಂದ ಗೈಡ್ ಬಂದು ಆ ದಾರ ಎಳೆದ. ಗುಳ್ಳೆಗಳು ಚಾವಣಿಗೆ ಹರಡಿದವು, ನಾನು ಕೆಳಗಿಳಿದೆ. ನನ್ನ ತೋಳು ಹಿಡಿದು ಹೊರಗೆ ಕರೆತಂದ. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ಗೇಜ್ ನೋಡಿದರೆ 60 ಬಾರ್. ಗೆಳತಿಯದು 120. ಅದನ್ನು ನೋಡಿ ಮೇಲೆ ಹೋಗಿಬಿಡಬೇಕು ಅನ್ನಿಸಿತು, ಅವನ ಕೈ ಬಿಡಿಸಿಕೊಂಡು ಹೋಗಿಯೇಬಿಟ್ಟೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬೇಡಿ ಅಂತ ಕಲಿಸಿದ್ದು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು ಅನ್ನೋದು, ಯಾವುದೂ ನೆನಪಿಗೆ ಬರಲಿಲ್ಲ. ವೇಗ ಜಾಸ್ತಿ ಆಯಿತು ಅಂತ ಡೈವ್ ಕಂಪ್ಯೂಟರ್ ಕೂಗುತ್ತಲೇ ಇತ್ತು. ದೋಣಿಯಲ್ಲಿ ಆಕ್ಸಿಜನ್ ಕೊಟ್ಟು ಕೂರಿಸಿದರು. ಅದೃಷ್ಟಕ್ಕೆ ಏನೂ ಆಗಲಿಲ್ಲ. ಆದರೆ 24 ಗಂಟೆ ನೀರಿಗೆ ಇಳಿಯುವ ಹಾಗಿಲ್ಲ ಅಂದರು, ಅದು ಸರಿಯಾದ ನಿರ್ಧಾರವೇ. ಮಾರನೇ ದಿನ ಬೆಳಿಗ್ಗೆ ದೋಣಿ ರಿಚೆಲ್ಯೂ ರಾಕ್ ಹತ್ತಿರ ನಿಂತಿತ್ತು. ಸುರಿನ್ ದ್ವೀಪಗಳ ಪೂರ್ವಕ್ಕೆ, ಕುದುರೆ ಲಾಳದ ಆಕಾರದ ಬಂಡೆಸಾಲು, ನೇರಳೆ ಬಣ್ಣದ ಮೆತ್ತನೆ ಹವಳ ತುಂಬಿದ ಜಾಗ. ನಾನು ಈ ಪ್ರವಾಸಕ್ಕೆ ದುಡ್ಡು ಕೂಡಿಟ್ಟಿದ್ದೇ ಅದಕ್ಕೋಸ್ಕರ. ಉಳಿದವರು ಇಳಿದರು, ನಾನು ಡೆಕ್ ಮೇಲೆ ಕೂತಿದ್ದೆ.

ಈಗ ನಿಮ್ಮ ಪ್ರಶ್ನೆ. ಕೇವ್ ಕೋರ್ಸ್ ಬೇಕಾ? ಬೇಡ. ಸಿಮಿಲಾನ್‌ನಲ್ಲಿ ನೀವು ಹೋಗುವ ಜಾಗಗಳಿಗೆ ಅದು ಸಂಬಂಧವೇ ಇಲ್ಲ. ಕೇವ್ ಡೈವಿಂಗ್ ಅಂದರೆ ಹಗಲ ಬೆಳಕು ಕಾಣದ ಕಡೆ, ಕವಲೊಡೆಯುವ ಸುರಂಗದಲ್ಲಿ, ದಾರ ಹಿಡಿದುಕೊಂಡು ಹೋಗಿ ಅದೇ ದಾರ ಹಿಡಿದು ವಾಪಸ್ ಬರುವುದು. ಅಮೆರಿಕದ ಕೇವ್ ಡೈವರ್ ಶೆಕ್ ಎಕ್ಸ್‌ಲಿ 1970ರ ದಶಕದಲ್ಲಿ ಗುಹೆಗಳಲ್ಲಿ ಸತ್ತ ಡೈವರ್‌ಗಳ ಅಪಘಾತಗಳನ್ನು ಒಂದೊಂದಾಗಿ ನೋಡಿದಾಗ ಮೂರು ಕಾರಣ ಮತ್ತೆ ಮತ್ತೆ ಸಿಕ್ಕವು. ಹೊರಗಿನವರೆಗೂ ಎಲ್ಲೂ ಕಡಿಯದ ದಾರ ಇರಲಿಲ್ಲ, ವಾಪಸ್ ಬರೋಕೆ ಮೂರನೇ ಎರಡು ಪಾಲು ಗಾಳಿ ಉಳಿಸಿಕೊಂಡಿರಲಿಲ್ಲ, ಅತಿ ಆಳಕ್ಕೆ ಹೋಗಿದ್ದರು. ಅದೇ ಥಾಯ್ಲೆಂಡಿನಲ್ಲಿ 2018ರಲ್ಲಿ ಥಾಮ್ ಲುವಾಂಗ್ ಗುಹೆಯಲ್ಲಿ ಮಕ್ಕಳು ಸಿಕ್ಕಿಬಿದ್ದಿದ್ದಾಗ, ಒಳಗೆ ಸಿಲಿಂಡರ್ ಇಟ್ಟು ವಾಪಸ್ ಬರುತ್ತಿದ್ದ ಸಮನ್ ಕುನಾನ್ ತೀರಿಕೊಂಡರು. ಅವರು ನೌಕಾಪಡೆಯ ಸೀಲ್ ಆಗಿದ್ದವರು. ರಜಕ್ಕೆ ಹೋಗೋ ಮುಂಚೆ ಒಂದು ವಾರದಲ್ಲಿ ಕಲಿತು ಮುಗಿಸುವ ವಿದ್ಯೆ ಅಲ್ಲ ಅದು. ನಿಜವಾಗಿ ಆಸೆ ಇದ್ದರೆ ಕೆಲವು ವರ್ಷ ಡೈವ್ ಮಾಡಿ, ಆಮೇಲೆ ಕಲಿಯಿರಿ.

ಹಾಗಾದರೆ ಟಾರ್ಚು, ಗೈಡು ಸಾಕಾ? ಅದೂ ಸಾಕಾಗಲ್ಲ. ನನ್ನ ಹತ್ತಿರ ಎರಡೂ ಇದ್ದವು. ಟಾರ್ಚು ಬೇಕೇ ಅಂದರೆ ಚಿಕ್ಕದೊಂದು ಇಟ್ಟುಕೊಳ್ಳಿ, ಬಣ್ಣ ನೋಡೋಕೆ. ಕೆಲವೇ ಮೀಟರ್ ಕೆಳಗೆ ಹೋಗುತ್ತಿದ್ದಂತೆ ಕೆಂಪು ಮಾಯವಾಗುತ್ತದೆ, ಹವಳವೆಲ್ಲ ಬೂದಿ ಬಣ್ಣ ಕಾಣುತ್ತದೆ. ಟಾರ್ಚಿನ ಬೆಳಕು ಬಿಟ್ಟರೆ ಅದರ ನಿಜವಾದ ಬಣ್ಣ ವಾಪಸ್ ಬರುತ್ತದೆ.

ನಿಮ್ಮ ದುಡ್ಡು, ಸಮಯ ಎರಡನ್ನೂ ಬಾಯನ್ಸಿಗೆ, ಅಂದರೆ ನೀರೊಳಗೆ ಏರದೆ ಇಳಿಯದೆ ನಿಲ್ಲುವ ಹಿಡಿತಕ್ಕೆ ಹಾಕಿ ಅಂತಲೇ ನಾನು ಹೇಳೋದು. ಓಪನ್ ವಾಟರ್ ಸರ್ಟಿಫಿಕೇಟಿನ ಮಿತಿ 18 ಮೀಟರ್, ಅದೂ ತಲೆ ಮೇಲೆ ಚಾವಣಿ ಇಲ್ಲದ ಕಡೆ. ಫೆಬ್ರವರಿಗೆ ಮುಂಚೆ ಮತ್ತೊಮ್ಮೆ ನೇತ್ರಾಣಿಗೆ ಹೋಗಿ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮಾಡಿ, ಅದರಲ್ಲಿ ಬಾಯನ್ಸಿ ಡೈವನ್ನು ಕೇಳಿ ಆರಿಸಿಕೊಳ್ಳಿ. 30 ಮೀಟರಿನವರೆಗೆ ಅನುಮತಿಯೂ ಸಿಗುತ್ತದೆ. ಹೋದಾಗ ಒಂದು ಕೆಲಸ ತಪ್ಪದೆ ಮಾಡಿ. ಡೈವ್ ಮುಗಿಸಿ ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ನೀರಿನ ಮೇಲೆ ನೆಟ್ಟಗೆ ನಿಂತು ಬಿಸಿಡಿ ಪೂರ್ತಿ ಖಾಲಿ ಮಾಡಿ. ಮಾಮೂಲಿ ಉಸಿರು ಎಳೆದುಕೊಂಡು ಹಿಡಿಯಿರಿ. ನೀರು ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲಬೇಕು, ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ಕಲ್ಲಿನ ಹಾಗೆ ಇಳಿದುಬಿಟ್ಟರೆ ಒಂದು ಕೆಜಿ ತೆಗೆದು ಮತ್ತೆ ನೋಡಿ. ಡೈವ್ ಶುರುವಿನಲ್ಲೇ ನೋಡುವುದಾದರೆ ನೆನಪಿಡಿ, ತುಂಬಿದ ಸಿಲಿಂಡರಿನ ಗಾಳಿಗೇ ಎರಡೂವರೆ ಕೆಜಿಯಷ್ಟು ತೂಕ ಇರುತ್ತದೆ, ಕೊನೆಗೆ ಅದರಲ್ಲಿ ಹೆಚ್ಚಿನದು ಹೋಗಿರುತ್ತದೆ. ಸಿಕ್ಕ ಸಂಖ್ಯೆಯನ್ನು ಯಾವ ವೆಟ್‌ಸೂಟು, ಯಾವ ಸಿಲಿಂಡರು ಅನ್ನೋದರ ಸಮೇತ ಬರೆದಿಟ್ಟುಕೊಳ್ಳಿ. ಸೂಟು ದಪ್ಪ ಆದರೆ ಲೆಕ್ಕ ಬದಲಾಗುತ್ತದೆ. ಹಿಂದಿನ ವಾಲ್ವಿನ ದಾರವನ್ನು ಕಣ್ಣುಮುಚ್ಚಿ ಹುಡುಕುವಷ್ಟು ಅಭ್ಯಾಸ ಮಾಡಿ.

ಸಿಮಿಲಾನ್‌ನಲ್ಲಿ ಮೊದಲ ದಿನ ಪೂರ್ವದ ಬದಿಯಲ್ಲಿ ಇಳಿಸುತ್ತಾರಾ ಕೇಳಿ. ಅಲ್ಲಿ ಹವಳದ ಇಳಿಜಾರು, ಮರಳು, ಮೇಲೆ ಏನೂ ಇಲ್ಲ. ತೂಕ ಅಲ್ಲೇ ಮತ್ತೊಮ್ಮೆ ನೋಡಿಕೊಳ್ಳಿ. ಪಶ್ಚಿಮದ ಬಂಡೆಗಳಿಗೆ ಆಮೇಲೆ ಹೋದರಾಯಿತು. ಅಲ್ಲಿ ನೀರಿನ ಸೆಳೆತ ಯಾವಾಗ ಯಾವ ಕಡೆ ತಿರುಗುತ್ತೆ ಹೇಳೋಕಾಗಲ್ಲ. ಗೈಡ್ ಸಂದಿನ ಕಡೆ ಕೈ ತೋರಿಸಿದಾಗ ಮನಸ್ಸು ಒಪ್ಪದಿದ್ದರೆ ಬೇಡ ಅಂತ ಸನ್ನೆ ಮಾಡಿ. ಅವರು ಬೇಜಾರು ಮಾಡಿಕೊಳ್ಳಲ್ಲ. ಬಂಡೆಯ ಮೇಲಿಂದಲೇ ದಾಟಿ ಆ ಕಡೆ ಸೇರಿಕೊಳ್ಳಬಹುದು. ಆದರೆ ಇದನ್ನು ಇಳಿಯುವ ಮುಂಚಿನ ಬ್ರೀಫಿಂಗಿನಲ್ಲೇ ಹೇಳಿ, ನಿಮ್ಮ ಜೋಡಿ ಡೈವರ್‌ಗೂ ಗೊತ್ತಿರಲಿ, ಒಬ್ಬರೇ ಆಗಿಬಿಡಬಾರದು. ಮೇಲಿಂದ ಹೋದರೆ ಏನೋ ತಪ್ಪಿಸಿಕೊಂಡೆ ಅಂದುಕೊಳ್ಳಬೇಡಿ. ಹೆಚ್ಚಿನ ಮೀನು, ಬೆಳಕು ಎಲ್ಲ ಬಂಡೆಯ ಹೊರಗಿನ ಬದಿಯಲ್ಲೇ ಇರುತ್ತದೆ.

ಫೆಬ್ರವರಿ ಒಳ್ಳೆ ಆಯ್ಕೆ, ಸಮುದ್ರ ಶಾಂತ ಇರುತ್ತದೆ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಆ ರಾಷ್ಟ್ರೀಯ ಉದ್ಯಾನವನ್ನೇ ಮುಚ್ಚುತ್ತಾರೆ. ಕೊನೆಯ ಡೈವ್ ಆದಮೇಲೆ ವಿಮಾನ ಹತ್ತೋಕೆ ಕನಿಷ್ಠ 18 ಗಂಟೆ ಬಿಡಿ, ಟಿಕೆಟ್ ಬುಕ್ ಮಾಡುವಾಗಲೇ ಇದನ್ನು ನೋಡಿಕೊಳ್ಳಿ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್ ಸ್ಕೂಬಾಗೆ ಅನ್ವಯಿಸುತ್ತಾ ಅಂತಲೂ ಓದಿ, ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ.

ನೇತ್ರಾಣಿಯಲ್ಲಿ ನಿಮಗೆ ಎಷ್ಟು ಕೆಜಿ ಕಟ್ಟಿದ್ದರು, ಸೂಟು ಎಷ್ಟು ದಪ್ಪದ್ದು, ನಿಮ್ಮ ತೂಕ ಎಷ್ಟು ಅಂತ ಕೆಳಗೆ ಬರೆಯಿರಿ. ಜಾಸ್ತಿ ಅನ್ನಿಸಿದರೆ ಹೇಳುತ್ತೇನೆ.