ಬೆಲ್ಲ ಸದ್ದು ಮಾಡುವುದಿಲ್ಲ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಮೊಮ್ಮಗಳಿಗೆ ಹನ್ನೊಂದು ವರ್ಷ, ತೂಕ ವಯಸ್ಸಿಗಿಂತ ಜಾಸ್ತಿ. ಮನೆಯವರೆಲ್ಲ ಪ್ರೀತಿಯಿಂದ ‘ಗುಂಡಮ್ಮ’ ಅನ್ನುತ್ತಾರೆ. ಈಚೆಗೆ ಅವಳು ಮದುವೆ, ಮುಂಜಿಗೆ ಬರಲು ಒಲ್ಲೆ ಎನ್ನುತ್ತಾಳೆ, ತಮ್ಮನಿಗೆ ಹೊಡೆಯುತ್ತಾಳೆ, ಕದ್ದು ತಿನ್ನುತ್ತಾಳೆ. “ಇದ್ದದ್ದನ್ನು ಹೇಳಿದರೆ ತಪ್ಪೇ? ನಮ್ಮ ಕಾಲದಲ್ಲಿ ಯಾರೂ ಹೀಗೆ ಮುನಿಸಿಕೊಳ್ಳುತ್ತಿರಲಿಲ್ಲ” ಎಂಬುದು ಮೇಷ್ಟ್ರ ವಾದ.

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂತಿದೆ. ಚಿಂತೆಯೂ ಸುಳ್ಳಲ್ಲ. ಚಿಕ್ಕಂದಿನ ಬೊಜ್ಜು ಮುಂದೆಯೂ ಬಿಡದೆ ಸಕ್ಕರೆ ಕಾಯಿಲೆ, ಬಿಪಿ ತರಬಹುದು. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಆದರೆ ನಾಲ್ಕು ಪುಟದಲ್ಲಿ ‘ಗುಂಡಮ್ಮ’ ಒಂಬತ್ತು ಸಲ ಬಂದಿದೆ. ಎಣಿಸಿದೆ. ಹುಡುಗಿಯ ಹೆಸರು ಒಂದು ಸಲವೂ ಇಲ್ಲ.

ನಾನೂ ‘ನಮ್ಮ ಕಾಲ’ದವನೇ. ಗುಂಡನೂ ಹೌದು. ಒಂಬತ್ತನೇ ವಯಸ್ಸಿನಲ್ಲಿ ಸೋದರಮಾವ ನನ್ನನ್ನು ಅಕ್ಕಿ ಗಿರಣಿಯ ತಕ್ಕಡಿ ಮೇಲೆ ನಿಲ್ಲಿಸಿದರು. “ಅರ್ಧ ಚೀಲ ಭತ್ತ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅತ್ತರೆ ಇನ್ನೂ ಜಾಸ್ತಿ ನಗುತ್ತಾರೆ ಅಂತ ಗೊತ್ತಿತ್ತು. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಹೊಕ್ಕೆ. ಚಕ್ಕುಲಿ ಡಬ್ಬ ಮುಟ್ಟಲಿಲ್ಲ, ಕರುಂಕುರುಂ ಅನ್ನುತ್ತದೆ. ಬೆಲ್ಲ ಸದ್ದು ಮಾಡುವುದಿಲ್ಲ. ಅಂದಿನಿಂದ ಗಿರಣಿಯ ಬೀದಿ ಬಿಟ್ಟು ಸುತ್ತಿ ಬಳಸಿ ಶಾಲೆಗೆ ಹೋದೆ. ಮನೆಯವರ ಪ್ರಕಾರ ನಾನು ಬಹಳ ನಗುಮುಖದ ಹುಡುಗ!

ಇದು ನನ್ನೊಬ್ಬನ ಕತೆಯಲ್ಲ. 1961ರಲ್ಲಿ ಅಮೆರಿಕದಲ್ಲಿ ಹತ್ತು, ಹನ್ನೊಂದು ವರ್ಷದ ಮಕ್ಕಳಿಗೆ ಆರು ಚಿತ್ರ ತೋರಿಸಿದರು. ಊರುಗೋಲಿನ ಮಗು, ಗಾಲಿಕುರ್ಚಿಯ ಮಗು, ಒಂದು ಕೈ ಇಲ್ಲದ ಮಗು, ಮುಖ ವಿಕಾರವಾದ ಮಗು, ದಪ್ಪ ಮಗು, ಯಾವ ಕುಂದೂ ಇಲ್ಲದ ಮಗು. ಯಾರು ಹೆಚ್ಚು ಇಷ್ಟ ಎಂದು ಕೇಳಿದರೆ ದಪ್ಪ ಮಗುವಿಗೆ ಕೊನೆಯ ಜಾಗ. ಸುಮಾರು ನಲವತ್ತು ವರ್ಷದ ನಂತರ ಅದೇ ಚಿತ್ರಗಳನ್ನು ಮತ್ತೆ ತೋರಿಸಿದರು. 2003ರಲ್ಲಿ ಬಂದ ಆ ವರದಿಯಲ್ಲಿ ದಪ್ಪ ಮಗುವಿನ ಮೇಲಿನ ತಾತ್ಸಾರ ಇನ್ನಷ್ಟು ಬೆಳೆದಿತ್ತು. ಆ ಮಕ್ಕಳಿಗೆ ಇದನ್ನು ಕಲಿಸಿದವರು ಯಾರು? ನಮ್ಮಂಥ ದೊಡ್ಡವರೇ ಅಲ್ವಾ?

ಹೀಯಾಳಿಸಿದರೆ ಮಗು ಸಣ್ಣಗಾಗುವುದಿಲ್ಲ. ಆಟಕ್ಕೆ ಹೋಗಲು ನಾಚುತ್ತದೆ, ಬಾಗಿಲು ಹಾಕಿಕೊಂಡು ತಿನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹರೆಯದ ಮಕ್ಕಳ ಬಗ್ಗೆ 2016ರಲ್ಲಿ ಹೇಳಿದ್ದೂ ಇದನ್ನೇ: ಮನೆಯಲ್ಲಿ ತೂಕದ ಮಾತು ಬೇಡ, ಪಥ್ಯದ ಕಾಟ ಬೇಡ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ನಮ್ಮಲ್ಲೋ, “ಇನ್ನೊಂದು ಹೋಳಿಗೆ ಹಾಕಿಸ್ಕೊ” ಎಂದು ಬಲವಂತ ಮಾಡಿದ ಅತ್ತೆಯೇ ಕೈ ತೊಳೆಯುವಾಗ “ಎಷ್ಟು ಊದಿದ್ದೀಯೇ!” ಅನ್ನುತ್ತಾರೆ.

ಬೈಯಲೇಬೇಕೆಂದರೆ ಬೇರೆಯವರಿದ್ದಾರೆ, ಮೇಷ್ಟ್ರೇ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕುರುಕಲು ತಿಂಡಿ ಮಾರಬಾರದು ಎಂಬ ನಿಯಮ 2020ರಲ್ಲೇ ಬಂದಿದೆ. ನಿಮ್ಮೂರಿನ ಶಾಲೆಯ ಮುಂದೆ ಒಮ್ಮೆ ನಿಂತು ನೋಡಿ. ಪಿ.ಟಿ. ಪೀರಿಯಡ್ ಕಿತ್ತುಕೊಂಡು ಗಣಿತ ಮಾಡಿದವರು ನಿಮ್ಮ ವೃತ್ತಿಯವರೇ, ಕೋಪಿಸಬೇಡಿ. ನಮ್ಮ ಕಚೇರಿಯ ಪಕ್ಕದ ಖಾಲಿ ಸೈಟಿನಲ್ಲಿ ಸಂಜೆ ಹುಡುಗರು ಲಗೋರಿ ಆಡುತ್ತಿದ್ದರು. ಈಗ ಅಲ್ಲಿ ಅಪಾರ್ಟ್‌ಮೆಂಟ್, ಗೇಟಿಗೆ ‘ಚೆಂಡಾಟ ನಿಷೇಧ’ ಎಂಬ ಬೋರ್ಡು. ಅಲ್ಲಿನ ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಬೋರ್ಡು ಹಾಕಿಸಿದವರೇ ಬಂದು, ಸೋಮಾರಿಗಳು ಎಂದು ಬೈದು ಹೋಗುತ್ತಾರೆ.